ಸ್ಕ್ವೇರ್ ಕಟ್

ಆಫ್ ಸ್ಟಂಪಿನ ಆಚೆ ಬೀಳುವ ಗಿಡ್ಡ ಎಸೆತವನ್ನು ಅಡ್ಡಬ್ಯಾಟಿನಲ್ಲಿ ಪಾಯಿಂಟ್ ದಿಕ್ಕಿಗೆ ಬಾರಿಸುವ ಕ್ರಿಕೆಟ್ ಹೊಡೆತ. ಕನ್ನಡಿಗರಿಗೆ ಇದೆಂದರೆ 1949ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಬ್ಯಾಟರ್ ಗುಂಡಪ್ಪ ವಿಶ್ವನಾಥ್.

ಬೇಸ್‌ಬಾಲ್ ಬೀಸಿನೊಂದಿಗೆ ಈ ಹೊಡೆತವನ್ನು ಹೋಲಿಸಿ ನೋಡಿ: ಅಲ್ಲಿ ಮೈಭಾರ ಹಿಂಗಾಲಿನಿಂದ ಮುಂಗಾಲಿಗೆ ಸರಿಯುತ್ತದೆ. ಮೊದಲು ಸೊಂಟ ತಿರುಗಿ, ಭುಜ, ತೋಳು, ಕೊನೆಗೆ ಬ್ಯಾಟು ಹಿಂಬಾಲಿಸುತ್ತವೆ. ಕಟ್‌ನಲ್ಲಿ ಭಾರದ ಲೆಕ್ಕ ತಿರುಗುಮುರುಗು. ಬಲಗೈ ಆಟಗಾರ ಬಲಗಾಲನ್ನು ಹಿಂದಕ್ಕೆ, ಆಫ್ ಕಡೆಗೆ ಇಟ್ಟು ಭಾರವನ್ನೆಲ್ಲ ಅದರ ಮೇಲೆ ಹಾಕುತ್ತಾನೆ. ಬ್ಯಾಟು ಎತ್ತರದಿಂದ ಇಳಿಯುತ್ತದೆ, ತೋಳುಗಳು ಪೂರ್ತಿ ಚಾಚುತ್ತವೆ, ಮಣಿಕಟ್ಟು ಹೊರಳಿ ಚೆಂಡನ್ನು ನೆಲಕ್ಕಿಳಿಸುತ್ತದೆ. ಹೊರಳದಿದ್ದರೆ ಕ್ಯಾಚು ಕೊಟ್ಟಂತೆಯೇ.

ಕುಳ್ಳಗಿದ್ದ ವಿಶ್ವನಾಥ್ ತೋಳ್ಬಲಕ್ಕಿಂತ ಮಣಿಕಟ್ಟನ್ನೇ ನೆಚ್ಚಿದರು, ಚೆಂಡನ್ನು ತಡವಾಗಿ ಆಡಿದರು. 1975ರ ಜನವರಿಯಲ್ಲಿ ಮದ್ರಾಸಿನ ಚೆಪಾಕ್‌ನಲ್ಲಿ ವೆಸ್ಟ್ ಇಂಡೀಸಿನ ಆ್ಯಂಡಿ ರಾಬರ್ಟ್ಸ್ 7 ವಿಕೆಟ್ ಕಿತ್ತ ಇನಿಂಗ್ಸ್‌ನಲ್ಲಿ ಅವರು ಔಟಾಗದೆ 97 ಗಳಿಸಿದರು. ಭಾರತದ ಒಟ್ಟು ಮೊತ್ತ 190.