ಮಹಾವೀರ ಚಕ್ರ ಪುರಸ್ಕೃತ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ

ಭಾರತೀಯ ವಾಯುಸೇನೆಯ ಯುದ್ಧ ವಿಮಾನ ಚಾಲಕರಾಗಿ 1965ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ವೀರಮರಣವನ್ನಪ್ಪಿದ ಸ್ಕ್ವಾಡ್ರನ್ ಲೀಡರ್ ಎ.ಬಿ. ದೇವಯ್ಯನವರು ಕೊಡಗಿನವರು. ಅವರ ಸಾಹಸವು ಅಧಿಕೃತ ಮನ್ನಣೆ ಪಡೆಯಲು 23 ವರ್ಷಗಳೇ ಬೇಕಾದವು.

ಜನನ ಮತ್ತು ಸೇವೆ
ಶ್ರೀಯುತರು 1932ರ ಡಿಸೆಂಬರ್ 24ರಂದು ಜನಿಸಿದರು. 1954ರಲ್ಲಿ ವಾಯುಸೇನೆಗೆ ವಿಮಾನ ಚಾಲಕರಾಗಿ ಸೇರ್ಪಡೆಗೊಂಡು, ಮುಂದೆ ತರಬೇತುದಾರರಾಗಿಯೂ ಸೇವೆ ಸಲ್ಲಿಸಿದರು. ಯುದ್ಧ ಆರಂಭವಾದಾಗ ಪಂಜಾಬಿನ ಆದಂಪುರದಲ್ಲಿದ್ದ 1ನೇ ಸ್ಕ್ವಾಡ್ರನ್‌ಗೆ ನಿಯೋಜಿತರಾದರು.

ಸರಗೋಧಾ ದಾಳಿ
1965ರ ಸೆಪ್ಟೆಂಬರ್ 7ರ ಮುಂಜಾನೆ ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲೆ ದಾಳಿ ನಡೆಸಲು 12 ಮಿಸ್ಟೇರ್ ವಿಮಾನಗಳನ್ನು ನಿಗದಿಪಡಿಸಲಾಗಿತ್ತು. ದೇವಯ್ಯನವರು ಕಾಯ್ದಿರಿಸಿದ ಚಾಲಕರಾಗಿದ್ದರು. ತಂಡದ ಒಂದು ವಿಮಾನ ಹಿಂದುಳಿದ ಕಾರಣ ಆ ಸ್ಥಾನದಲ್ಲಿ ಅವರು ತೆರಳಿದರು. ಪಾಕಿಸ್ತಾನದ ಎಫ್-104 ಸ್ಟಾರ್‌ಫೈಟರ್ ವಿಮಾನವು ಅವರನ್ನು ಅಡ್ಡಗಟ್ಟಿತು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಆ ವಿಮಾನದೆದುರು ಮಿಸ್ಟೇರ್ ಬಹಳ ನಿಧಾನದ್ದು. ತಮ್ಮ ವಿಮಾನ ಗುಂಡೇಟಿಗೆ ಗುರಿಯಾಗಿದ್ದರೂ ದೇವಯ್ಯನವರು ಹಿಮ್ಮೆಟ್ಟದೆ ಪ್ರತಿದಾಳಿ ನಡೆಸಿ ಸ್ಟಾರ್‌ಫೈಟರನ್ನು ಹೊಡೆದುರುಳಿಸಿದರು. ಅದರ ಚಾಲಕ ಪ್ಯಾರಾಚೂಟ್ ಮೂಲಕ ಪಾರಾದರು. ದೇವಯ್ಯನವರು ಹಿಂದಿರುಗಲಿಲ್ಲ.

ತಡವಾಗಿ ದೊರೆತ ಮನ್ನಣೆ
ಈ ಕಾಳಗವನ್ನು ಕಂಡವರು ಭಾರತೀಯ ತಂಡದಲ್ಲಿ ಯಾರೂ ಇರದ ಕಾರಣ ಅವರನ್ನು ಕಾಣೆಯಾದವರೆಂದು ದಾಖಲಿಸಲಾಯಿತು. 1979ರಲ್ಲಿ ಪ್ರಕಟವಾದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಅವರ ಗ್ರಂಥದಿಂದ ನಿಜಸಂಗತಿ ಹೊರಬಂದಿತು. ತರುವಾಯ 1988ರಲ್ಲಿ ಭಾರತ ಸರ್ಕಾರವು ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರವನ್ನು ಪ್ರದಾನ ಮಾಡಿತು. ಯುದ್ಧಭೂಮಿಯ ಶೌರ್ಯಕ್ಕಾಗಿ ನೀಡಲಾಗುವ ಪದಕಗಳಲ್ಲಿ ಇದು ಪರಮವೀರ ಚಕ್ರದ ನಂತರದ ಸ್ಥಾನ ಪಡೆದಿದೆ. ಮಡಿಕೇರಿಯ ವೃತ್ತವೊಂದಕ್ಕೆ ಅವರ ಹೆಸರನ್ನಿಡಲಾಗಿದೆ. 2025ರಲ್ಲಿ ತೆರೆಕಂಡ ಹಿಂದಿ ಚಲನಚಿತ್ರ 'ಸ್ಕೈ ಫೋರ್ಸ್' ಈ ಘಟನೆಯನ್ನು ಆಧರಿಸಿದೆ.

ಯುವಜನರ ಗಮನಕ್ಕೆ
ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು ಹಾಗೂ ಮಸ್ಕಿ ತಾಲ್ಲೂಕುಗಳ ವಿದ್ಯಾರ್ಥಿಗಳು ವಾಯುಸೇನೆಯ ವಿಮಾನ ಚಾಲಕರಾಗಬಯಸಿದಲ್ಲಿ, ದ್ವಿತೀಯ ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತವನ್ನೊಳಗೊಂಡ ವಿಜ್ಞಾನ ವಿಷಯಗಳನ್ನು ಆಯ್ದುಕೊಳ್ಳುವುದು ಅವಶ್ಯಕ. ಕೇಂದ್ರ ಲೋಕಸೇವಾ ಆಯೋಗವು ನಡೆಸುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ (ಎನ್.ಡಿ.ಎ.) ಪರೀಕ್ಷೆಯ ಮೂಲಕ ಪಿಯುಸಿ ನಂತರವೂ, ವಾಯುಸೇನೆಯು ನಡೆಸುವ ಪ್ರವೇಶ ಪರೀಕ್ಷೆಯ ಮೂಲಕ ಪದವಿಯ ನಂತರವೂ ಅವಕಾಶವಿರುತ್ತದೆ. 2022ರಿಂದ ಎನ್.ಡಿ.ಎ.ಯಲ್ಲಿ ವಿದ್ಯಾರ್ಥಿನಿಯರಿಗೂ ಪ್ರವೇಶ ಕಲ್ಪಿಸಲಾಗಿದೆ. ಲಿಖಿತ ಪರೀಕ್ಷೆಯಷ್ಟೇ ಸಾಲದು. ಸಂದರ್ಶನ ಹಾಗೂ ವೈದ್ಯಕೀಯ ಪರೀಕ್ಷೆಗಳಲ್ಲಿಯೂ ಅರ್ಹತೆ ಪಡೆಯಬೇಕಿರುವುದರಿಂದ ಓಟ ಮತ್ತು ವ್ಯಾಯಾಮವನ್ನು ಶಾಲಾ ದಿನಗಳಿಂದಲೇ ರೂಢಿಸಿಕೊಳ್ಳುವುದು ಸೂಕ್ತ.