ಒಲೆ ಯಾರ ಆಯ್ಕೆ?

ತುಮಕೂರಿನ ಮಹಾತ್ಮ ಗಾಂಧಿ ರಸ್ತೆಯ ಯಾವ ಪಾತ್ರೆ ಅಂಗಡಿಗೆ ಹೋದರೂ ಇಂದು ಒಲೆಗಳ ಒಂದು ಸಂತೆಯೇ ಕಣ್ಣಿಗೆ ಬೀಳುತ್ತದೆ. ಎರಡು ಉರಿಯದು, ಮೂರು ಉರಿಯದು, ನಾಲ್ಕು ಉರಿಯದು. ಉಕ್ಕಿನ ಮೈಯದು, ಗಾಜಿನ ಮೈಯದು. ಕಟ್ಟೆಯ ಕಲ್ಲನ್ನೇ ಕೊರೆದು ಹುದುಗಿಸುವ ‘ಹಾಬ್’ ಎಂಬುದು. ಉರಿಯೇ ಕಾಣದ ಇಂಡಕ್ಷನ್ ಒಲೆ. ಅಂಗಡಿಯವರು ಕೇಳುವ ಪ್ರಶ್ನೆ ಎರಡೇ: ಎಷ್ಟು ಬರ್ನರು? ಎಷ್ಟು ರೂಪಾಯಿಯೊಳಗೆ? ನಿಮ್ಮ ಮನೆಯಲ್ಲಿ ದಿನವೂ ಬೇಯುವುದೇನು, ಯಾವ ಪಾತ್ರೆಯಲ್ಲಿ ಬೇಯುತ್ತದೆ, ಬೇಯಿಸುವವರು ಯಾರು ಎಂದು ಅವರು ಕೇಳುವುದಿಲ್ಲ. ಕೇಳುತ್ತ ಕುಳಿತರೆ ವ್ಯಾಪಾರ ಸಾಗುವುದೂ ಇಲ್ಲವೆನ್ನಿ. ಆದರೆ ಈ ಪ್ರಶ್ನೆಗಳನ್ನು ವರ್ಷಗಟ್ಟಲೆ ಕೇಳಿದವರು ಉಂಟು. ಕೇಳಿದುದು ಇದೇ ಜಿಲ್ಲೆಯ ಕುಣಿಗಲ್ ತಾಲ್ಲೂಕಿನಲ್ಲಿ. ಕೇಳಿದವರು ಪಾಕಶಾಸ್ತ್ರದವರಲ್ಲ, ಬೆಂಗಳೂರಿನ ವಿಜ್ಞಾನಿಗಳು. ಒಲೆ ಕೊಳ್ಳಹೊರಟವರಿಗೆ ಆ ಕಥೆ ಅಂಗಡಿಯ ಬೆಲೆಪಟ್ಟಿಗಿಂತ ಹೆಚ್ಚು ಉಪಯೋಗಕ್ಕೆ ಬಂದೀತು.

ಮೊದಲು ಹಳೆಯ ಒಲೆಯ ಮಾತು. ಮೂರು ಕಲ್ಲು ಹೂಡಿದರೆ ಒಲೆಯಾಯಿತು. ಅದಕ್ಕೆ ಮಣ್ಣು ಮೆತ್ತಿ, ಪಕ್ಕದಲ್ಲೊಂದು ಕೋಡೊಲೆ ತೆಗೆದರೆ ಗೃಹಸ್ಥರ ಒಲೆಯಾಯಿತು. ಇದನ್ನು ಕಟ್ಟಲು ಮೇಸ್ತ್ರಿ ಬೇಕಾಗಿರಲಿಲ್ಲ. ಮನೆಯ ಹೆಂಗಸೇ ಕಟ್ಟುತ್ತಿದ್ದಳು, ಬಿರುಕು ಬಿಟ್ಟರೆ ಅವಳೇ ಸಾರಿಸುತ್ತಿದ್ದಳು. ಯಾವ ಒಲೆ ಎಂಬುದನ್ನು ನಿರ್ಣಯಿಸುತ್ತಿದ್ದುದು ಸೌದೆ. ಗುಬ್ಬಿಯ ಕಡೆ ತೆಂಗು ಅಡಿಕೆಯ ಸೀಮೆ. ಅಲ್ಲಿ ತೋಟವೇ ಸೌದೆಯ ಕಣಜ. ಗರಿ, ಎಡಮಟ್ಟೆ, ಹೊಂಬಾಳೆ, ಕರಟ, ಅಡಿಕೆಯ ಸೋಗೆ ಎಲ್ಲವೂ ಒಲೆಗೆ ಬರುತ್ತವೆ. ಸೋಗೆ ಭಗ್ಗೆಂದು ಹತ್ತಿ ಕ್ಷಣದಲ್ಲಿ ಬೂದಿಯಾಗುವಂಥದು. ಕರಟ ಕೆಂಡವಾಗಿ ನಿಲ್ಲುವಂಥದು. ಯಾವಾಗ ಯಾವುದನ್ನು ಒಡ್ಡಬೇಕೆಂಬುದು ಒಂದು ವಿದ್ಯೆಯೇ ಸರಿ. ಕುಣಿಗಲಿನ ಬೆದ್ದಲು ಸೀಮೆಯಲ್ಲಿ ಆ ಭಾಗ್ಯವಿಲ್ಲ. ಅಲ್ಲಿ ಬೇಲಿಯ ಕಡ್ಡಿ, ಹೊಲದ ಬದುವಿನ ರೆಂಬೆ, ಕೆರೆಯಂಗಳದ ಜಾಲಿಮುಳ್ಳು.

ಪಟ್ಟಣದಲ್ಲಿ ಸೌದೆಯನ್ನು ದುಡ್ಡು ಕೊಟ್ಟು ತರಬೇಕಾದುದರಿಂದ ಬೇರೆ ಒಲೆಗಳು ಹುಟ್ಟಿಕೊಂಡವು. ಇದ್ದಿಲ ಒಲೆಯನ್ನು ಹಿರಿಯರು ಇನ್ನೂ ಮರೆತಿಲ್ಲ. ಅದಕ್ಕಿಂತ ಸ್ವಾರಸ್ಯವಾದುದು ಮರದ ಹೊಟ್ಟಿನ ಒಲೆ. ಒಂದು ತಗಡಿನ ಡಬ್ಬ, ಅದರ ನಡುವೆ ಒಂದು ಸೀಸೆ, ಬುಡದ ತೂತಿನಿಂದ ಸೀಸೆಯವರೆಗೆ ಒಂದು ಅಡ್ಡಕಡ್ಡಿ. ಸುತ್ತಲೂ ಹೊಟ್ಟನ್ನು ಗಟ್ಟಿಯಾಗಿ ತುರುಕಿ, ಬಳಿಕ ಸೀಸೆಯನ್ನೂ ಕಡ್ಡಿಯನ್ನೂ ಮೆಲ್ಲನೆ ಎಳೆದರೆ ಗಾಳಿ ಆಡುವ ಕೊಳವೆ ಸಿದ್ಧ. ಬುಡದಲ್ಲಿ ಕಡ್ಡಿ ಗೀರಿದರೆ ಗಂಟೆಗಟ್ಟಲೆ ಒಂದೇ ಸಮನೆ ಉರಿ. ಸೀಸೆ ಎಳೆಯುವಾಗ ಕೈ ನಡುಗಿದರೆ ಹೊಟ್ಟು ಕುಸಿದು ಮತ್ತೆ ಮೊದಲಿಂದ. ಸ್ವೀಡನ್ನಿನಲ್ಲಿ ೧೮೯೨ರಲ್ಲಿ ಹುಟ್ಟಿದ ಪ್ರೈಮಸ್ ಸ್ಟೌ, ಅದರ ವಂಶದ ಪಂಪಿನ ಸೀಮೆಎಣ್ಣೆ ಒಲೆಗಳು, ಬತ್ತಿ ಸ್ಟೌಗಳು ನಂತರ ಮನೆಮನೆಗೂ ಬಂದವು. ಕಾಫಿಗೆ ಸ್ಟೌ, ಅನ್ನಕ್ಕೆ ಇದ್ದಿಲು, ಸ್ನಾನಕ್ಕೆ ಸೌದೆ. ಒಂದು ಮನೆಗೆ ಒಂದೇ ಒಲೆ ಎಂಬುದು ತೀರ ಈಚಿನ ಕಲ್ಪನೆ.

ಅಡುಗೆಯ ಅನಿಲವನ್ನು ಬರ್ಮಾ ಷೆಲ್ ಕಂಪೆನಿ ಮುಂಬಯಿಯಲ್ಲಿ ಮಾರಲಾರಂಭಿಸಿದುದು ೧೯೫೫ರಲ್ಲಿ. ಹತ್ತು ವರ್ಷದ ತರುವಾಯ ೧೯೬೫ರಲ್ಲಿ ಇಂಡೇನ್ ಬಂದಿತು. ಈ ಒಲೆ ಉರಿಯನ್ನಷ್ಟೇ ಅಲ್ಲ, ಅಡುಗೆಮನೆಯ ಎತ್ತರವನ್ನೂ ಬದಲಾಯಿಸಿತು. ಅನಿಲದ ಒಲೆ ಸಿಲಿಂಡರಿಗಿಂತ ಮೇಲಿರಬೇಕೆಂಬುದು ಸುರಕ್ಷತೆಯ ನಿಯಮ. ಹಾಗಾಗಿ ನೆಲದಲ್ಲಿದ್ದ ಒಲೆ ಕಟ್ಟೆಯೇರಿತು, ಕುಳಿತು ಬೇಯಿಸುತ್ತಿದ್ದವರು ನಿಂತು ಬೇಯಿಸತೊಡಗಿದರು. ಬೆನ್ನಿಗೆ ಇದರಿಂದ ಸುಖವಾಯಿತೋ ಕಾಲಿಗೆ ಕಷ್ಟವಾಯಿತೋ ಎಂಬ ಲೆಕ್ಕವನ್ನು ಗಂಡಸರು ಬರೆದ ಇತಿಹಾಸಗಳಲ್ಲಿ ಹುಡುಕಬಾರದು.

ಇಷ್ಟೆಲ್ಲ ನಗರದ ಮಾತು. ಹಳ್ಳಿಯ ಒಲೆ ಮೂರು ಕಲ್ಲಿನ ಮೇಲೆಯೇ ಉಳಿದಿತ್ತು. ಅದನ್ನು ಸುಧಾರಿಸುವ ಯತ್ನ ನಡೆದಿರಲಿಲ್ಲವೆಂದಲ್ಲ. ವಾರ್ಧಾದ ಮಗನವಾಡಿಯಿಂದ ೧೯೪೭ರ ಹೊತ್ತಿಗೆ ಮಗನ್ ಒಲೆ ಬಂದಿತ್ತು. ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು ಅವರು ೧೯೫೩ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಪ್ರಕಟಿಸಿದ್ದರು. ಆದರೆ ಇವೆಲ್ಲವುಗಳ ಗುರಿ ಹೊಗೆ. ಸೌದೆಯ ಉಳಿತಾಯಕ್ಕೆ ಎರಡನೆಯ ಸ್ಥಾನ.

೧೯೭೪ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಅಸ್ತ್ರ’ ಎಂಬ ವಿಭಾಗ ಆರಂಭವಾಯಿತು. ವಿಜ್ಞಾನ ತಂತ್ರಜ್ಞಾನಗಳನ್ನು ಹಳ್ಳಿಯ ಕೆಲಸಕ್ಕೆ ಒಗ್ಗಿಸುವುದು ಅದರ ಉದ್ದೇಶ. ಮುಂದೆ ನಿಂತವರು ಅಮೂಲ್ಯ ರೆಡ್ಡಿ (೧೯೩೦–೨೦೦೬). ವೃತ್ತಿಯಿಂದ ವಿದ್ಯುತ್ ರಸಾಯನಶಾಸ್ತ್ರಜ್ಞರು. ಪ್ರಯೋಗಾಲಯದಲ್ಲಿ ಕುಳಿತು ಹಳ್ಳಿಯ ಬಗ್ಗೆ ಯೋಚಿಸುವುದು ಸಾಲದೆಂದು ಅವರು ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಒಂದು ವಿಸ್ತರಣ ಕೇಂದ್ರ ತೆರೆದರು. ಅಲ್ಲಿ ಮೊದಲು ಮಾಡಿದ ಕೆಲಸ ಯಂತ್ರ ಹೂಡುವುದಲ್ಲ, ಎಣಿಸುವುದು. ಉಂಗ್ರದ ಆಸುಪಾಸಿನ ಆರು ಹಳ್ಳಿಗಳಲ್ಲಿ ಯಾವ ಮನೆಯಲ್ಲಿ ಎಷ್ಟು ಸೌದೆ, ಎಷ್ಟು ಸೀಮೆಎಣ್ಣೆ, ಎಷ್ಟು ಮನುಷ್ಯಶ್ರಮ ಖರ್ಚಾಗುತ್ತದೆಂದು ಮನೆಮನೆಗೆ ಹೋಗಿ ತೂಗಿ ಬರೆದರು.

ಆರರಲ್ಲೊಂದು ಪುರ. ೧೯೭೭ರ ಸೆಪ್ಟೆಂಬರಿನಲ್ಲಿ ಆ ಊರಿನ ಜನಸಂಖ್ಯೆ ೩೫೭, ಮನೆಗಳು ೫೬. ಮನುಷ್ಯರ ಮತ್ತು ಎತ್ತುಗಳ ಶ್ರಮವನ್ನು ಬಿಟ್ಟು ಊರು ಬಳಸುತ್ತಿದ್ದ ಶಕ್ತಿಯಲ್ಲಿ ಶೇಕಡಾ ೯೭ ಭಾಗ ಸೌದೆಯದು. ವಿದ್ಯುತ್ತು, ಸೀಮೆಎಣ್ಣೆಗಳೆಲ್ಲ ಸೇರಿ ಉಳಿದ ಮೂರು. ಸೌದೆಯಲ್ಲಿ ಕೊಂಡು ತಂದದ್ದು ನೂರಕ್ಕೆ ನಾಲ್ಕು ಪಾಲು ಮಾತ್ರ. ಮಿಕ್ಕಿದ್ದೆಲ್ಲ ಆಯ್ದು ತಂದದ್ದು. ಒಂದು ಸಂಸಾರಕ್ಕೆ ದಿನಕ್ಕೆ ಸುಮಾರು ಹತ್ತು ಕಿಲೋಗ್ರಾಂ. ಅದಕ್ಕಾಗಿ ದಿನವೂ ಗಂಟೆಗಟ್ಟಲೆ ಅಲೆತ. ಈ ದುಡಿಮೆಯ ಕಾಲು ಭಾಗ ಮಕ್ಕಳದು. ಊರಿಗೆ ವಿದ್ಯುತ್ ಬಂದಿದ್ದರೂ ನಾಲ್ಕರಲ್ಲಿ ಮೂರು ಮನೆಗಳಲ್ಲಿ ದೀಪ ಸೀಮೆಎಣ್ಣೆಯದೇ.

ಈ ಅಂಕಿಗಳಲ್ಲಿ ಒಂದು ಕಹಿಯಾದ ಮಾತು ಅಡಗಿದೆ. ಸೌದೆಗೆ ದುಡ್ಡಿಲ್ಲ, ಆದ್ದರಿಂದ ಸೌದೆಯ ಉಳಿತಾಯಕ್ಕೂ ದುಡ್ಡಿನ ಬೆಲೆಯಿಲ್ಲ. ಉಳಿಯುವುದು ಹೆಂಗಸರ ಮಕ್ಕಳ ಹೊತ್ತು, ಅವರ ಕಣ್ಣು, ಅವರ ಉಸಿರು. ಹೊಸ ಒಲೆಗೆ ಹಣ ಬಿಚ್ಚಬೇಕಾದವನ ಕಿಸೆಗೆ ಅದರಿಂದ ಏನೂ ಬರುವುದಿಲ್ಲ. ಒಲೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಉಷ್ಣದಕ್ಷತೆಯಿಂದ ಶುರುಮಾಡುತ್ತಾರೆ; ನನಗೆ ಕಂಡಂತೆ ಶುರುಮಾಡಬೇಕಾದುದು ಇಲ್ಲಿಂದ.

ವಿಜ್ಞಾನಿಗಳು ಒಲೆಯನ್ನು ಅಳೆದಾಗ ಹಳೆಯ ಒಲೆಯಲ್ಲಿ ಉರಿದ ಶಾಖದಲ್ಲಿ ಪಾತ್ರೆಗೆ ಸೇರುವುದು ಹತ್ತರಲ್ಲಿ ಒಂದು ಪಾಲೂ ಇಲ್ಲವೆಂದು ತಿಳಿಯಿತು. ೧೯೮೦ರ ದಶಕದ ಆರಂಭದಲ್ಲಿ ಎಸ್. ಎಸ್. ಲೋಕ್ರಾಸ್, ಕೆ. ಎಸ್. ಜಗದೀಶ್ ಮೊದಲಾದವರು ಸೇರಿ ರೂಪಿಸಿದ ‘ಅಸ್ತ್ರ ಒಲೆ’ ಮೂರು ಪಾತ್ರೆಯದು. ಸೌದೆಗೊಂದು ಗೂಡು, ಗೂಡಿಗೆ ಬಾಗಿಲು. ತಳದಲ್ಲಿ ಕಬ್ಬಿಣದ ಜಾಲರಿ. ಗಾಳಿ ಬಾಗಿಲಿನಿಂದಲ್ಲ, ಜಾಲರಿಯ ಕೆಳಗಿನಿಂದ ಬರಬೇಕು. ಬಿಸಿಗಾಳಿ ಮೊದಲ ಪಾತ್ರೆಯನ್ನು ಸವರಿ, ಇಕ್ಕಟ್ಟಾದ ದಾರಿಯಲ್ಲಿ ಎರಡನೆಯದರ, ಮೂರನೆಯದರ ಬುಡ ನೆಕ್ಕಿ ಹೊಗೆಗೊಳವೆಯಿಂದ ಹೊರಗೆ. ಪಾತ್ರೆಗಳು ರಂಧ್ರದಲ್ಲಿ ಇರುಕಿ ಕೂರಬೇಕು, ಸಂದಿನಿಂದ ಹೊಗೆ ಬರಕೂಡದು. ಪ್ರಯೋಗಾಲಯದ ಅಳತೆಯಲ್ಲಿ ದಕ್ಷತೆ ಶೇಕಡಾ ೪೦ನ್ನು ದಾಟಿತು.

ಹಾಗಾದರೆ ಸಮಸ್ಯೆ ತೀರಿತೆ? ಇಲ್ಲ. ಒಲೆಯ ಒಳದಾರಿ ಒಂದೆರಡು ಬೆರಳು ಹೆಚ್ಚುಕಡಿಮೆಯಾದರೆ ಸೆಳೆತವೇ ಕೆಡುತ್ತದೆ. ಆದುದರಿಂದ ಕಟ್ಟಲು ತರಬೇತಾದ ಮೇಸ್ತ್ರಿ ಬೇಕು. ಒಲೆ ಕಟ್ಟುವ ವಿದ್ಯೆ ಮೊದಲ ಬಾರಿಗೆ ಅಡುಗೆಯವಳ ಕೈತಪ್ಪಿತು. ಸೌದೆಯನ್ನು ಗೂಡಿನ ಅಳತೆಗೆ ಚಿಕ್ಕದಾಗಿ ಕಡಿಯಬೇಕು. ಹಳೆಯ ಒಲೆಗಾದರೆ ಉದ್ದ ಕೊರಡನ್ನು ಒಡ್ಡಿ, ಉರಿದಂತೆ ಮುಂದಕ್ಕೆ ನೂಕಿದರಾಯಿತು. ರಂಧ್ರಕ್ಕೆ ತಕ್ಕ ಪಾತ್ರೆಯೇ ಬೇಕು. ನೆಂಟರು ಬಂದ ದಿನ ದೊಡ್ಡ ಗಡಿಗೆ ಕೂರುವುದಿಲ್ಲ. ಹೊಗೆಗೊಳವೆಯ ಮಸಿಯನ್ನು ಆಗಾಗ ತೆಗೆಯಬೇಕು. ಒಂದೊಂದೂ ಚಿಕ್ಕ ಮಾತೇ, ಆದರೆ ಎಲ್ಲವೂ ಒಬ್ಬಳ ತಲೆಯ ಮೇಲೆ. ಮುದ್ದೆಯ ವಿಷಯದಲ್ಲಿ ಮಾತ್ರ ಈ ಒಲೆಗೆ ಒಂದು ಗುಣವಿತ್ತು: ರಂಧ್ರದಲ್ಲಿ ಹೂತು ಕುಳಿತ ಪಾತ್ರೆ, ಕೋಲು ಹಾಕಿ ತಿರುವಿದಾಗ ಅಲುಗುವುದಿಲ್ಲ.

ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ಮೂಲಕ ಒಲೆ ಜಿಲ್ಲೆಯ ಗಡಿ ದಾಟಿ ರಾಜ್ಯದಲ್ಲೆಲ್ಲ ಹರಡಿತು. ಕೇಂದ್ರ ಸರ್ಕಾರ ೧೯೮೩ರಲ್ಲಿ ಆರಂಭಿಸಿದ ಸುಧಾರಿತ ಒಲೆಗಳ ಕಾರ್ಯಕ್ರಮ ದೇಶದಾದ್ಯಂತ ಮೂರು ಕೋಟಿಗೂ ಮಿಕ್ಕಿ ಒಲೆಗಳನ್ನು ಕಟ್ಟಿಸಿ ೨೦೦೨ರಲ್ಲಿ ಮುಗಿಯಿತು. ಕಟ್ಟಿದ ಲೆಕ್ಕ ಕಚೇರಿಯಲ್ಲಿ ಸಿಕ್ಕುತ್ತಿತ್ತು. ಉರಿಯುತ್ತಿರುವ ಲೆಕ್ಕ ಸಿಕ್ಕುವುದು ಕಷ್ಟವಾಗಿತ್ತು. ಇದನ್ನು ವಿಜ್ಞಾನದ ಸೋಲೆನ್ನಲಾಗದು. ಗುರಿಮುಟ್ಟುವ ಆತುರದಲ್ಲಿ ಕಟ್ಟಿದ ಒಲೆ, ಉಂಗ್ರದಲ್ಲಿ ತೂಗಿ ಅಳೆದು ಕಟ್ಟಿದ ಒಲೆಯಾಗಲಾರದು.

ಪುರದ ಮತ್ತೊಂದು ಪ್ರಸಂಗ ಇದಕ್ಕಿಂತ ಬೋಧಪ್ರದ. ಅಲ್ಲಿ ಊರೊಟ್ಟಿನ ಒಂದು ಗೊಬ್ಬರ ಅನಿಲ ಸ್ಥಾವರ ಕಟ್ಟಿದರು. ಉದ್ದೇಶ ಮನೆಮನೆಗೂ ಅಡುಗೆಯ ಅನಿಲ. ಊರ ಸಗಣಿಯೆಲ್ಲ ಸೇರಿದರೂ ಎಲ್ಲರ ಅಡುಗೆಗೆ ಸಾಲುವಷ್ಟು ಅನಿಲ ಬರಲಿಲ್ಲ. ಅರ್ಧ ಅಡುಗೆ ಅನಿಲದಲ್ಲಿ, ಅರ್ಧ ಸೌದೆಯಲ್ಲಿ ಎಂದರೆ ಸೌದೆಗೆ ಹೋಗುವುದು ತಪ್ಪುವುದಿಲ್ಲವಷ್ಟೆ! ಜನಕ್ಕೆ ತುರ್ತಾಗಿ ಬೇಕಾಗಿದ್ದುದು ಹತ್ತಿರದಲ್ಲಿ ಕುಡಿಯುವ ನೀರು. ಕೊನೆಗೆ ೧೯೮೭ರಲ್ಲಿ ಅದೇ ಅನಿಲದಿಂದ ಎಂಜಿನ್ ಓಡಿಸಿ, ವಿದ್ಯುತ್ ಮಾಡಿ, ಕೊಳವೆ ಬಾವಿಯ ನೀರನ್ನು ಎತ್ತಿ, ಮನೆಗಳಿಗೆ ದೀಪ ಕೊಟ್ಟರು. ಆಗ ಸ್ಥಾವರ ಊರಿನದಾಯಿತು. ಹೊಗೆಯಿಂದ ಬಿಡುಗಡೆ ಬೇಡವೆಂದು ಯಾರೂ ಹೇಳಲಿಲ್ಲ. ಇದ್ದಷ್ಟು ಅನಿಲದಲ್ಲಿ ಪೂರ್ತಿಯಾಗಿ ಇಳಿಸಬಹುದಾದ ಹೊರೆ ಯಾವುದೋ ಅದನ್ನು ಇಳಿಸಿಕೊಂಡರು. ಮರುವರ್ಷ ಅದೇ ತಾಲ್ಲೂಕಿನ ಹೊಸಹಳ್ಳಿಯಲ್ಲಿ ಸೌದೆಯನ್ನು ಅನಿಲವಾಗಿಸಿ ವಿದ್ಯುತ್ ಮಾಡುವ ಯಂತ್ರ ಬಂದಾಗಲೂ ಆ ವಿದ್ಯುತ್ತು ಮೊದಲು ಹೋದುದು ದೀಪಕ್ಕೆ, ಒಲೆಗಲ್ಲ.

ಈಗ ನಗರದ ಅಂಗಡಿಗೆ ಮರಳೋಣ. ಉಜ್ವಲಾ ಯೋಜನೆ (೨೦೧೬) ಬಂದ ಮೇಲೆ ಹಳ್ಳಿಯ ಮನೆಗೂ ಸಿಲಿಂಡರು ಮುಟ್ಟಿದೆ. ಆದ್ದರಿಂದ ಈ ವಿಚಾರ ಇಬ್ಬರಿಗೂ ಸಲ್ಲುತ್ತದೆ. ಹೊಗೆಯ ಹಾನಿ ಎಷ್ಟೆಂಬುದರಲ್ಲಿ ಈಗ ಸಂಶಯವಿಲ್ಲ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಆ ದೃಷ್ಟಿಯಿಂದ ಅನಿಲವೂ ವಿದ್ಯುತ್ತೂ ಸೌದೆಗಿಂತ ಎಷ್ಟೋ ಮೇಲು. ಅನಿಲದ ಉರಿಯೂ ಸಾರಜನಕದ ಆಕ್ಸೈಡನ್ನು ಕಕ್ಕುವುದರಿಂದ ಕಿಟಕಿ ತೆರೆದಿಡುವುದು ಒಳ್ಳೆಯದು.

ಇವೆರಡರಲ್ಲಿ ಯಾವುದು ಅಗ್ಗ? ಲೆಕ್ಕ ಕಷ್ಟವಲ್ಲ. ೧೪.೨ ಕಿಲೋಗ್ರಾಮಿನ ಸಿಲಿಂಡರಿನಲ್ಲಿರುವ ಶಾಖ ಸುಮಾರು ೧೮೦ ಯೂನಿಟ್ ವಿದ್ಯುತ್ತಿಗೆ ಸಮ. ಗ್ಯಾಸ್ ಒಲೆಯ ದಕ್ಷತೆ ಶೇಕಡಾ ೬೮ಕ್ಕೆ ಕಡಿಮೆಯಿರಬಾರದೆಂದು ಭಾರತೀಯ ಮಾನಕ ಹೇಳುತ್ತದೆ. ಮನೆಯ ಬಳಕೆಯಲ್ಲಿ ಅದು ಅರುವತ್ತಕ್ಕೆ ಇಳಿಯುವುದುಂಟು. ಇಂಡಕ್ಷನ್ನಿನದು ಎಂಬತ್ತೈದರ ಸುಮಾರು. ಎಂದರೆ ಒಂದು ಸಿಲಿಂಡರಿನ ಅಡುಗೆಯನ್ನು ಇಂಡಕ್ಷನ್ ೧೩೦ರಿಂದ ೧೪೫ ಯೂನಿಟ್ಟಿನಲ್ಲಿ ಮುಗಿಸುತ್ತದೆ. ಸಿಲಿಂಡರಿನ ಬೆಲೆಯನ್ನು ಈ ಸಂಖ್ಯೆಯಿಂದ ಭಾಗಿಸಿ ನಿಮ್ಮ ವಿದ್ಯುತ್ ಬಿಲ್ಲಿನ ದರದೊಡನೆ ಹೋಲಿಸಿದರೆ ಉತ್ತರ ನಿಮ್ಮ ಕೈಯಲ್ಲಿ.

ಆದರೆ ಪುರದ ಪಾಠ ಕೇಳಿದವರು ಇಷ್ಟಕ್ಕೇ ನಿಲ್ಲಲಾರರು. ಇಂಡಕ್ಷನ್ ಬಿಸಿಮಾಡುವುದು ಪಾತ್ರೆಯನ್ನು. ಅದೂ ಅಯಸ್ಕಾಂತ ಹಿಡಿಯುವ ತಳದ ಚಪ್ಪಟೆ ಪಾತ್ರೆಯನ್ನು ಮಾತ್ರ. ಅಲ್ಯೂಮಿನಿಯಂ ಮುದ್ದೆ ಪಾತ್ರೆ, ಹಿತ್ತಾಳೆ ತಪ್ಪಲೆ, ಮಣ್ಣಿನ ಕುಡಿಕೆ ಅದಕ್ಕೆ ಒಲ್ಲವು. ಒಲೆಯ ಬೆಲೆಗೆ ಪಾತ್ರೆಗಳ ಬೆಲೆಯನ್ನೂ ಕೂಡಿಸಿಕೊಳ್ಳಬೇಕು. ಕರೆಂಟು ಹೋದ ಹೊತ್ತಿನಲ್ಲಿ ಇನ್ನೊಂದು ಒಲೆ ಬೇಕು. ಅಕ್ಕಿ ಊಟದ ಮನೆಗೆ, ಕುಕ್ಕರು ಹಾಲು ಕಾಫಿಗಳಿಗೆ ಇದು ಸೊಗಸಾದ ಒಲೆ. ರಾಗಿಮುದ್ದೆಯ ಮನೆಗೆ ಅಷ್ಟಲ್ಲ. ಮುದ್ದೆ ತಿರುವುವಾಗ ಕವೆಕೋಲಿನಿಂದ ಒತ್ತಿಹಿಡಿದ ಪಾತ್ರೆಯೊಡನೆ ಎರಡು ಬರ್ನರಿನ ಬಿಡಿ ಒಲೆಯೂ ಕಟ್ಟೆಯ ಮೇಲೆ ಸವಾರಿ ಹೊರಡುತ್ತದೆ. ಬಹುಪಾಲು ಮನೆಗಳಲ್ಲಿ ಪಾತ್ರೆಯನ್ನು ನೆಲಕ್ಕಿಳಿಸಿ ತಿರುವುವುದು ಅದಕ್ಕಾಗಿಯೇ. ಕಲ್ಲಿನಲ್ಲಿ ಹುದುಗಿದ ಹಾಬ್ ಅಲುಗುವುದಿಲ್ಲ, ನಿಜ. ಆದರೆ ಅದರ ಗಾಜಿನ ಮೇಲೆ ಆ ಬಲಪ್ರಯೋಗ ಮಾಡುವ ಧೈರ್ಯ ಬೇಕು. ಬರ್ನರು ಕೆಟ್ಟರೆ ಬಿಡಿ ಒಲೆಯನ್ನು ಕಂಕುಳಲ್ಲಿಟ್ಟು ರಿಪೇರಿಗೆ ಒಯ್ಯಬಹುದು. ಹಾಬ್ ಇರುವಲ್ಲಿಗೆ ರಿಪೇರಿಯವನೇ ಬರಬೇಕು. ಮುದ್ದೆಯ ಮನೆಗೆ ನನ್ನ ಮತ ಉಕ್ಕಿನ ಮೈಯ, ಅಗಲವಾದ ಗಟ್ಟಿ ಕಾಲ್ಮಣೆಗಳ ಬಿಡಿ ಒಲೆಗೇ. ಅಂಗಡಿಗೆ ಹೋಗುವಾಗ ದಿನನಿತ್ಯದ ಮುದ್ದೆ ಪಾತ್ರೆಯನ್ನೂ ಜೊತೆಗೆ ಕೊಂಡೊಯ್ದು ಒಲೆಯ ಮೇಲೆ ಇಟ್ಟು ನೋಡುವುದರಲ್ಲಿ ನಾಚಿಕೆಯೇನಿಲ್ಲ. ತಿರುವುವವರೂ ಜೊತೆಗಿದ್ದರೆ ಇನ್ನೂ ಉತ್ತಮ.

ಸ್ನಾನದ ನೀರಿನ ಮಾತು ಬೇರೆ. ಗುಬ್ಬಿ ತಾಲ್ಲೂಕಿನಲ್ಲಿ ೨೦೨೩ರಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದೇ ತಾಲ್ಲೂಕಿನ ತೋಟದ ಮನೆಗಳಲ್ಲಿ ಒಳಗೆ ಗ್ಯಾಸ್ ಒಲೆ, ಹಿತ್ತಲಲ್ಲಿ ಹಂಡೆಯ ಒಲೆ. ಬೆಳಗಿನ ಜಾವ ಅದಕ್ಕೆ ಒಡ್ಡುವುದು ಇಂದಿಗೂ ತೆಂಗಿನ ಎಡಮಟ್ಟೆ.