ಸ್ತರಗಳ ನಡುವಣ ಕಾಲ: ಬ್ರಹ್ಮಗಿರಿಯಿಂದ ಹಳ್ಳೂರಿಗೆ

ಬರಹವನ್ನೇ ನೆಚ್ಚಿದ ಇತಿಹಾಸಕಾರನಿಗೆ ಕರ್ನಾಟಕದ ಕಥೆ ಅಶೋಕನ ಶಾಸನಗಳಿಂದ ಮೊದಲಾಗುತ್ತದೆ. ಅವುಗಳಲ್ಲೊಂದನ್ನು ಬಿ. ಎಲ್. ರೈಸ್ ಅವರು 1892ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಕಂಡರು. ಆದರೆ ಅದೇ ಬೆಟ್ಟದ ತಪ್ಪಲಿನಲ್ಲಿ, ಆ ಶಾಸನಕ್ಕಿಂತಲೂ ಬಹು ಹಿಂದೆ, ಕಲ್ಲನ್ನು ಉಜ್ಜಿ ಕೊಡಲಿ ಮಾಡಿಕೊಂಡ ಜನ ಬಾಳಿದ್ದರು. ಅಕ್ಷರವರಿಯದ ಈ ಜನರ ಕಾಲವನ್ನು ಅಳೆಯುವುದು ಹೇಗೆ?

1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಅಲ್ಲಿ ನಡೆಸಿದ ಉತ್ಖನನವು ತಿಳಿದುದರಿಂದ ತಿಳಿಯದುದರೆಡೆಗೆ ಸಾಗುವ ಕ್ರಮಕ್ಕೆ ಒಳ್ಳೆಯ ನಿದರ್ಶನ. ಒಳಮೈಯಲ್ಲಿ ಚುಕ್ಕೆಗಳ ಸಾಲು ಒತ್ತಿದ ಒಂದು ಬಗೆಯ ಪಾತ್ರೆ 1945ರಲ್ಲಿ ಪುದುಚೇರಿ ಬಳಿಯ ಅರಿಕಮೇಡಿನಲ್ಲಿ ರೋಮನ್ ಸರಕಿನೊಡನೆ ದೊರೆತಿತ್ತು. ಕ್ರಿ.ಶ. ಒಂದನೆಯ ಶತಮಾನಕ್ಕೆ ಸಲ್ಲುವ ಆ ಪಾತ್ರೆಯ ಚೂರುಗಳು ಬ್ರಹ್ಮಗಿರಿಯ ಮೇಲಣ ಸ್ತರಗಳಲ್ಲಿಯೂ ಕಾಣಿಸಿಕೊಂಡವು. ಆ ಗೂಟಕ್ಕೆ ಹಗ್ಗ ಕಟ್ಟಿ ವ್ಹೀಲರ್ ಕೆಳಗಿಳಿದರು. ಕಬ್ಬಿಣ ಬಳಸಿದ ಬೃಹತ್‌ಶಿಲಾ ಸಂಸ್ಕೃತಿಯ ಆರಂಭವನ್ನು ಕ್ರಿ.ಪೂ. 200ರ ಸುಮಾರಿಗೆ ಇರಿಸಿದರು. ಶಿಲಾಕೊಡಲಿಯ ಸಂಸ್ಕೃತಿಯನ್ನು ಕ್ರಿ.ಪೂ. ಮೊದಲನೆಯ ಸಹಸ್ರಮಾನದೊಳಗೇ ಅಡಗಿಸಿದರು.

ಅವರು ಸ್ತರಗಳ ಕ್ರಮವನ್ನು ಓದಿದ ರೀತಿ ಇಂದಿಗೂ ಪಾಠವೇ ಸರಿ. ಎಡವಿದುದು ಅವಧಿಯಲ್ಲಿ. ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಮಣ್ಣು ತಾನೇ ಹೇಳುತ್ತದೆ. ಎಷ್ಟು ಕಾಲ ಎಂಬುದನ್ನು ಹೇಳುವುದಿಲ್ಲ. ನಮ್ಮ ಪಠ್ಯಪುಸ್ತಕಗಳು ಈ ಭೇದವನ್ನು ಸಾಕಷ್ಟು ಸ್ಪಷ್ಟಪಡಿಸುವುದಿಲ್ಲವೆಂದೇ ನನ್ನ ಭಾವನೆ.

ಉತ್ತರ ದೊರೆತುದು ಇದ್ದಲಿನಿಂದ. ಜೀವ ತೊರೆದ ವಸ್ತುವಿನಲ್ಲಿ ವಿಕಿರಣಶೀಲ ಇಂಗಾಲವು ನಿಯತ ಗತಿಯಲ್ಲಿ ಕ್ಷಯಿಸುವುದರಿಂದ, ಉಳಿದ ಅಂಶವೇ ಕಾಲಮಾಪಕವಾಗುತ್ತದೆ. ಎಫ್. ಆರ್. ಆಲ್ಚಿನ್ ಅವರು 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ಅಗೆದ ಬೂದಿದಿಬ್ಬವು ದನಗಳ ದೊಡ್ಡಿಯಲ್ಲಿ ಸೇರಿದ ಸಗಣಿ ಮತ್ತೆ ಮತ್ತೆ ಸುಟ್ಟು ಆದುದೆಂದು ತಿಳಿಯಿತು. ಇಂಗಾಲದ ಪರೀಕ್ಷೆ ಅದನ್ನು ಕ್ರಿ.ಪೂ. ಮೂರನೆಯ ಸಹಸ್ರಮಾನಕ್ಕೆ ಒಯ್ದಿತು. ದಕ್ಷಿಣದ ನವಶಿಲಾಯುಗಕ್ಕೆ ಹೀಗೆ ಸಾವಿರ ವರ್ಷಕ್ಕೂ ಮಿಕ್ಕಿದ ಆಯುಷ್ಯ ಕೂಡಿಬಂದಿತು.

ಧಾರವಾಡದವರಿಗೆ ಇನ್ನೂ ಹತ್ತಿರದ ಸಾಕ್ಷ್ಯವೆಂದರೆ ತುಂಗಭದ್ರೆಯ ದಂಡೆಯ ಹಳ್ಳೂರು. ಅಂದು ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಈ ನೆಲೆಯನ್ನು ಎಂ. ಎಸ್. ನಾಗರಾಜರಾವ್ ಅವರು 1965ರಲ್ಲಿ ಅಗೆದರು. ಇಲ್ಲಿ ನವಶಿಲಾಯುಗ ಮುಗಿದ ಗೆರೆಯ ಮೇಲೆ ಕಬ್ಬಿಣಯುಗ ಥಟ್ಟನೆ ತೊಡಗುವುದಿಲ್ಲ. ಎರಡೂ ಬೆರೆತ ಒಂದು ಹಂತವಿದೆ: ಹಳೆಯ ಬಗೆಯ ಕಲ್ಲಿನ ಉಪಕರಣಗಳ ಜೊತೆಗೇ ಕಪ್ಪು-ಕೆಂಪು ಪಾತ್ರೆ, ಅದರ ಪಕ್ಕದಲ್ಲಿ ಕಬ್ಬಿಣದ ಬಾಣದ ಮೊನೆ. ಈ ಹಂತದ ಕಾಲ ಕ್ರಿ.ಪೂ. 1000ರ ಸುಮಾರು, ಎಂದರೆ ವ್ಹೀಲರ್ ಎಣಿಸಿದುದಕ್ಕಿಂತ ಎಂಟುನೂರು ವರ್ಷ ಹಿಂದೆ. ಕಬ್ಬಿಣ ಬಂದಿತೆಂದ ಮಾತ್ರಕ್ಕೆ ಹಳಬರು ಹೋಗಿ ಹೊಸಬರು ಬಂದರೆನ್ನಲು ಇಲ್ಲಿ ಆಧಾರ ಸಾಲದು. ಮಡಕೆ ಬದಲಾದರೆ ಜನಾಂಗವೇ ಬದಲಾಯಿತೆನ್ನುವ ಹಳೆಯ ವಾಡಿಕೆಯನ್ನು ನಾವು ಕೈಬಿಡುವುದು ಲೇಸು.

ಈಚೆಗೆ ಪ್ರಶ್ನೆ ಮಡಕೆಯಿಂದ ಅದರೊಳಗಿನ ಕಾಳಿನತ್ತ ಹೊರಳಿದೆ. ಅಗೆದ ಮಣ್ಣನ್ನು ನೀರಿನಲ್ಲಿ ಕದಡಿದರೆ ಸುಟ್ಟು ಕರಿಯಾದ ಬೀಜಗಳು ತೇಲಿಬರುತ್ತವೆ. ಹೀಗೆ ದಕ್ಷಿಣದ ನೆಲೆಗಳಲ್ಲಿ ಸಂಗ್ರಹಿಸಿದ ಬೀಜಗಳನ್ನು ಡೋರಿಯನ್ ಫುಲ್ಲರ್, ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಮೊದಲಾದವರು ಪರಿಶೀಲಿಸಿ 2004ರಲ್ಲಿ ಪ್ರಕಟಿಸಿದರು. ಹುರುಳಿ, ಹೆಸರು, ಕೊರಲೆ ಇವು ಅಲ್ಲಿನ ಮುಖ್ಯ ಬೆಳೆಗಳು. ಮೊದಲೆರಡು ಕೆಲಗೇರಿಯ ಅಡುಗೆಮನೆಗಳಿಗೂ ಹೊಸತಲ್ಲ. ಹಳ್ಳೂರಿನಲ್ಲಿ ಸಿಕ್ಕಿತೆಂದು ಮೊದಲು ವರದಿಯಾಗಿದ್ದ ರಾಗಿಯನ್ನು ಮಾತ್ರ ಸಸ್ಯಶಾಸ್ತ್ರಜ್ಞರು ಈಗ ಶಂಕಿಸುತ್ತಾರೆ. ಆಫ್ರಿಕಾ ಮೂಲದ ಆ ಧಾನ್ಯ ನಮ್ಮ ನೆಲಕ್ಕೆ ಯಾವಾಗ ಬಂದಿತೆಂಬುದು ಇನ್ನೂ ಇತ್ಯರ್ಥವಾಗಿಲ್ಲ.